ಮುಲುಂಡ್‌ನ ಸೈಕಾಲಜಿಸ್ಟ್ ಮೇಡಂ: ಮಗಳ ಜೊತೆ ಇಡೀ ಮನೆಯನ್ನೇ ಕೂರಿಸಿಕೊಂಡವರು

ಮೊದಲೇ ಹೇಳಿಬಿಡುತ್ತೇನೆ, ಮೇಡಂ ಹೆಸರನ್ನು ಇಲ್ಲಿ ಹಾಕುತ್ತಿಲ್ಲ. ಹಾಕಿದರೆ ನಮ್ಮ ಮಗಳು ಯಾರು ಅಂತ ಗೊತ್ತಾಗಿಬಿಡುತ್ತದೆ, ಮುಂಬಯಿ ಕನ್ನಡದವರಲ್ಲಿ ಯಾರಿಗೆ ಯಾರು ಗೊತ್ತಿಲ್ಲ ಹೇಳಿ. ಬರೆಯುವುದಕ್ಕೆ ಮಗಳೇ ಒಪ್ಪಿದ್ದಾಳೆ, ಓದಿ ನೋಡಿ ತನಗೆ ಬೇಡ ಅನ್ನಿಸಿದ್ದನ್ನು ತೆಗೆಸಿದ್ದಾಳೆ. ಬೇಕಾದವರು ನನಗೆ ಮೆಸೇಜ್ ಮಾಡಿ, ನಂಬರ್ ಕೊಡುತ್ತೇನೆ.

ಮೇಡಂ ಕ್ಲಿನಿಕಲ್ ಸೈಕಾಲಜಿಸ್ಟ್. ಕ್ಲಿನಿಕ್ ಮುಲುಂಡ್ ಪಶ್ಚಿಮದಲ್ಲಿ, ಸ್ಟೇಷನ್‌ನಿಂದ ನಡೆದೇ ಹೋಗಬಹುದು. ನೋಡುವುದು ಹೆಚ್ಚಾಗಿ ಹದಿಹರೆಯದವರನ್ನು, ಅದರಲ್ಲೂ ಬೇರೆಯವರು ಹೆದರಿ ಕೈಬಿಡುವಂಥ ಮಕ್ಕಳನ್ನು: ತಮಗೆ ತಾವೇ ಗಾಯ ಮಾಡಿಕೊಳ್ಳುವವರು, ಸಾಯುವ ಮಾತಾಡುವವರು, ಮನೆ ಬಿಟ್ಟು ಹೋಗಿ ಬಂದವರು, ನಶೆಗೆ ಬಿದ್ದವರು. ನಮ್ಮ ಮಗಳು ಹನ್ನೊಂದನೇ ತರಗತಿಗೆ ಸೇರಿದ ಮೇಲೆ ಮೊದಲ ಎರಡು ಗುಂಪಿಗೆ ಸೇರಿದ್ದಳು. ಅದಕ್ಕಿಂತ ಜಾಸ್ತಿ ವಿವರ ಇಲ್ಲಿ ಬೇಡ.

ಇವರ ಹತ್ತಿರ ಬರುವ ಮೊದಲು ಬೇರೆ ಕಡೆ ಒಬ್ಬ ಕೌನ್ಸೆಲರ್ ಹತ್ತಿರ ಹೋಗಿದ್ದೆವು. ಮಗಳು ಒಳಗೆ ಹೇಳಿದ್ದನ್ನೆಲ್ಲ ಅವರು ಹೊರಗೆ ಬಂದು ನಮಗೆ ಒಪ್ಪಿಸಿದರು. ಅವತ್ತಿನಿಂದ ಅವಳು ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಆಮೇಲೆ ತಿಳಿಯಿತು, ಅವರಿಗೆ ಇದ್ದದ್ದು ಯಾವುದೋ ಸಣ್ಣ ಕೋರ್ಸಿನ ಸರ್ಟಿಫಿಕೇಟ್ ಮಾತ್ರ. ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಕೆಲಸ ಮಾಡಬೇಕಾದರೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಇರಬೇಕು. ಅದಕ್ಕೆ 1992ರ ಕಾಯ್ದೆಯೇ ಇದೆ. ಆ ನಂಬರ್ ಕೇಳುವುದಕ್ಕೆ ಸಂಕೋಚ ಪಡಬೇಡಿ, ಸರಿಯಾದವರು ಕೇಳುವ ಮೊದಲೇ ತೋರಿಸುತ್ತಾರೆ. ಈ ಮೇಡಂ ಕೋಣೆಯ ಗೋಡೆ ಮೇಲೇ ಇದೆ. ಹುಬ್ಬಳ್ಳಿ ಕಡೆಯವರು, ಎಂ.ಫಿಲ್. ಮಾಡಿದ್ದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ. ಅದು ಎರಡು ವರ್ಷ ಪುಸ್ತಕ ಓದಿ ಮುಗಿಸುವ ಓದಲ್ಲ, ವಾರ್ಡಿನಲ್ಲಿ ರೋಗಿಗಳ ನಡುವೆಯೇ ಇದ್ದು ಕಲಿಯುವಂಥದ್ದು. ಇಲ್ಲಿಗೆ ಬಂದ ಮೇಲೂ ದೊಡ್ಡ ಆಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಆಮೇಲೆ ಸ್ವಂತ ಕ್ಲಿನಿಕ್ ಇಟ್ಟವರು.

ಮೊದಲ ಭೇಟಿಯಲ್ಲೇ ಗುಟ್ಟಿನ ಲೆಕ್ಕ ಚುಕ್ತಾ ಮಾಡಿದರು, ಮಗಳೂ ನಾವೂ ಒಟ್ಟಿಗೆ ಕೂತಿರುವಾಗ. ಅವಳು ಹೇಳಿದ್ದು ಅವರ ಹತ್ತಿರವೇ ಇರುತ್ತದೆ. ಜೀವಕ್ಕೆ ಅಪಾಯ ಅಂತ ಕಂಡರೆ ಮಾತ್ರ ನಮಗೆ ತಿಳಿಸುತ್ತಾರೆ, ಅದೂ ಅವಳಿಗೆ ಹೇಳಿಯೇ ತಿಳಿಸುತ್ತಾರೆ. ಆಮೇಲೆ ಅವಳನ್ನು ನೇರವಾಗಿ ಕೇಳಿದರು, 'ಸಾಯಬೇಕು ಅನ್ನಿಸುತ್ತಾ?' ನನ್ನ ಎದೆ ಹಾರಿತು. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಲ್ವಾ ಅಂತ ಆಮೇಲೆ ಕೇಳಿದೆ. ಇಲ್ಲ, ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ ಅಂತ ಅಧ್ಯಯನಗಳಲ್ಲೇ ಕಂಡಿದೆ, ಯಾರೂ ಕೇಳದೇ ಇರುವುದೇ ಮಕ್ಕಳಿಗೆ ಭಾರ ಅಂದರು.

ಅವತ್ತೇ ಒಂದು ಹಾಳೆಯಲ್ಲಿ ಸುರಕ್ಷತೆಯ ಪ್ಲಾನ್ ಬರೆಸಿದರು. ಮನಸ್ಸು ಕೆಡುತ್ತಿದೆ ಅಂತ ತಿಳಿಯುವುದು ಹೇಗೆ, ಆಗ ಒಬ್ಬಳೇ ಏನು ಮಾಡಬಹುದು, ಯಾರ ಜೊತೆ ಹೋಗಿ ಕೂರಬಹುದು, ಯಾರಿಗೆ ಫೋನ್ ಮಾಡಬೇಕು, ಯಾವ ಆಸ್ಪತ್ರೆಗೆ ಓಡಬೇಕು. ಎಲ್ಲ ಮಗಳ ಕೈಬರಹದಲ್ಲಿ, ಅವಳ ಮಾತಿನಲ್ಲೇ. ಮನೆಯಲ್ಲಿ ಏನೇನು ಬೀಗ ಹಾಕಿ ಇಡಬೇಕು ಅನ್ನುವುದು ನಮ್ಮ ಪಾಲಿನ ಕೆಲಸ. ಅತ್ತೆಯ ಬಿಪಿ, ಶುಗರ್ ಮಾತ್ರೆಗಳೂ ಅವತ್ತೇ ಗೋದ್ರೇಜ್ ಕಪಾಟಿಗೆ ಹೋದವು.

ಇವರು ಬಳಸುವ ಪದ್ಧತಿಗೆ ಡಿಬಿಟಿ ಅನ್ನುತ್ತಾರೆ, ಅಂದರೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಉಕ್ಕಿ ಬರುವ ಭಾವನೆಗಳನ್ನು ನಿಭಾಯಿಸುವುದನ್ನು ಕಲಿಸುವ ಮಾತಿನ ಚಿಕಿತ್ಸೆ. ಅದನ್ನು ರೂಪಿಸಿದವರು ಅಮೆರಿಕದ ಸೈಕಾಲಜಿಸ್ಟ್ ಮಾರ್ಷಾ ಲಿನೆಹನ್. ಹದಿಹರೆಯದಲ್ಲಿ ತಾವೂ ಇದೇ ನೋವು ತಿಂದು ಆಸ್ಪತ್ರೆಯಲ್ಲಿದ್ದವರು ಅಂತ ಅವರೇ 2011ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಈ ಸಂಗತಿ ನಮ್ಮ ಮಗಳಿಗೆ ಕೊಟ್ಟ ಧೈರ್ಯ ನಾನು ಕೊಡಲು ಆಗುತ್ತಿರಲಿಲ್ಲ. ದಿನಾ ಒಂದು ಕಾರ್ಡ್ ತುಂಬಬೇಕು: ಇವತ್ತು ಯಾವ ಭಾವನೆ ಎಷ್ಟಿತ್ತು, ಗಾಯ ಮಾಡಿಕೊಳ್ಳಬೇಕು ಅನ್ನಿಸಿದ್ದು ಸೊನ್ನೆಯಿಂದ ಐದರಲ್ಲಿ ಎಷ್ಟು, ಆಗ ಏನು ಮಾಡಿದೆ. ತೀರಾ ತಡೆಯಲಾಗದೇ ಇದ್ದಾಗ ಉಸಿರು ಹಿಡಿದು ಮುಖವನ್ನು ತಣ್ಣೀರಿಗೆ ಅದ್ದುವುದು ಒಂದು ಉಪಾಯ. ಅದರಿಂದ ಎದೆಬಡಿತ ಇಳಿಯುತ್ತದೆ, ಇದು ಮೈಯ ಸಹಜ ಗುಣ. ಹೃದಯದ ತೊಂದರೆ ಏನಾದರೂ ಇದೆಯಾ ಅಂತ ಮೊದಲು ವಿಚಾರಿಸಿಯೇ ಇದನ್ನು ಕಲಿಸಿದರು.

ಆದರೆ ನಾನು ಇವರನ್ನು ಎಲ್ಲರಿಗೂ ಹೇಳುವುದು ಇನ್ನೊಂದು ಕಾರಣಕ್ಕೆ. ಮಗುವನ್ನು ಬಿಟ್ಟು ಹೋಗಿ, ರಿಪೇರಿ ಮಾಡಿ ಕೊಡುತ್ತೇನೆ ಅಂತ ಇವರು ಹೇಳುವುದೇ ಇಲ್ಲ. ಅಪ್ಪ, ಅಮ್ಮ, ಅಜ್ಜಿ, ಯಾರು ಆ ಮನೆಯಲ್ಲಿ ದಿನಾ ಮಾತಾಡುತ್ತಾರೋ ಅವರೆಲ್ಲ ಬರಬೇಕು. ನಮ್ಮವರದು ಭಾಂಡುಪ್‌ನಲ್ಲಿ ಹೋಟೆಲ್. ಬೆಳಗಿನ ಜಾವ ಹೋದರೆ ವಾಪಸು ಬರುವುದು ರಾತ್ರಿಯೇ. ನನಗೆ ಟೈಮ್ ಇಲ್ಲ ಮೇಡಂ ಅಂದರು. 'ಹೋಟೆಲಿನವರಿಗೆ ಊಟ ಮುಗಿದು ಸಂಜೆ ತಿಂಡಿ ಶುರುವಾಗುವ ತನಕ ಬಿಡುವು ಇರುತ್ತದಲ್ಲ, ಮೂರು ಗಂಟೆಗೆ ಬನ್ನಿ' ಅಂದುಬಿಟ್ಟರು. ಅವರ ಮಧ್ಯಾಹ್ನದ ಆ ಹೊತ್ತು ನಮಗೇ ಅಂತ ಇಟ್ಟರು.

ಅಲ್ಲಿ ನಮಗೆ ಕಲಿಸಿದ್ದು ಮಾತು. ಮಗಳು 'ಕಾಲೇಜಿಗೆ ಹೋಗಲ್ಲ' ಅಂದ ಕೂಡಲೇ ನಮ್ಮ ಮನೆಯಲ್ಲಿ ಬರುತ್ತಿದ್ದದ್ದು 'ನಾಲ್ಕು ಜನ ಏನಂತಾರೆ' ಅನ್ನುವ ಮಾತು. ಮೇಡಂ ನಮ್ಮವರ ಕೈಲಿ ಬೇರೆ ಮಾತು ಹೇಳಿಸಿದರು: 'ಇವತ್ತು ನಿನಗೆ ತುಂಬಾ ಕಷ್ಟ ಆಗ್ತಿದೆ ಅಂತ ಕಾಣುತ್ತೆ. ಕಷ್ಟ ಇದ್ದೂ ಎರಡು ಪೀರಿಯಡ್ ಹೋಗಿ ಬರೋಕೆ ಏನು ಮಾಡೋಣ?' ಸಂಕಟ ನಿಜ ಅಂತ ಒಪ್ಪುವುದು ಬೇರೆ, ಹೇಳಿದ್ದಕ್ಕೆಲ್ಲ ಹೂಂ ಅನ್ನುವುದು ಬೇರೆ. ಎರಡನ್ನೂ ಬೇರೆ ಮಾಡಿ ತೋರಿಸುವುದಕ್ಕೆ ಅವರು ಪಟ್ಟ ತಾಳ್ಮೆ ದೊಡ್ಡದು. ನಮ್ಮವರಿಗೆ ಆ ಎರಡು ಸಾಲು ಬಾಯಿಗೆ ಬರುವ ತನಕ ಬಿಡಲಿಲ್ಲ.

ಅತ್ತೆ ಕುಂದಾಪುರದವರು, ಹಿಂದಿ ಮರಾಠಿ ಅಷ್ಟಕ್ಕಷ್ಟೇ. ಮೇಡಂ ಕನ್ನಡದಲ್ಲಿ ಮಾತಾಡಿದ್ದಕ್ಕೇ ಅವರು ಬಂದು ಕೂತದ್ದು. ದೃಷ್ಟಿಯಾಗಿದೆ, ಕೊಲ್ಲೂರಿಗೆ ಹರಕೆ ಹೇಳಿದ್ದೇನೆ ಅಂದರು. ಮೇಡಂ ನಗಲಿಲ್ಲ, ಬೇಡ ಅನ್ನಲಿಲ್ಲ. 'ಹರಕೆ ತೀರಿಸಿ ಅಮ್ಮ, ಇಲ್ಲಿಗೆ ಬರುವುದನ್ನು ಮಾತ್ರ ತಪ್ಪಿಸಬೇಡಿ' ಅಂದರು. ನಮ್ಮ ಭಾವ ಒಬ್ಬರು ಪೊಲೀಸ್ ಕೇಸ್ ಆಗುತ್ತದೆ, ಆಸ್ಪತ್ರೆ ಗೀಸ್ಪತ್ರೆ ಬೇಡ ಅಂತ ಹೆದರಿಸಿದ್ದರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಸಾಯುವ ಯತ್ನ ಮಾಡಿದವರು, ಬೇರೆ ಥರ ರುಜುವಾಗದ ಹೊರತು, ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷಿಸುವ ಹಾಗಿಲ್ಲ ಅಂತ ಮೇಡಂ ಬಿಡಿಸಿ ಹೇಳಿದ ಮೇಲೆ ಮನೆಯ ಅರ್ಧ ಹೆದರಿಕೆ ಇಳಿಯಿತು.

ಮಾತ್ರೆ ಇವರು ಬರೆಯುವುದಿಲ್ಲ, ಅದು ಸೈಕಿಯಾಟ್ರಿಸ್ಟ್ ಕೆಲಸ. ಬೇಕು ಅನ್ನಿಸಿದಾಗ ಅವರೇ ಡಾಕ್ಟರ ಹತ್ತಿರ ಕಳಿಸಿ, ಇಬ್ಬರೂ ಮಾತಾಡಿಕೊಂಡು ನಡೆಸಿದರು. ಒಂದು ವೇಳೆ ಪರಿಸ್ಥಿತಿ ಕೈಮೀರಿದರೆ ಅಡ್ಮಿಟ್ ಮಾಡಲೇಬೇಕಾಗುತ್ತದೆ ಅಂತ ಮೊದಲೇ ಹೇಳಿದ್ದರು, ಸುಮ್ನೆ ಭರವಸೆ ಕೊಟ್ಟು ಕೂರಿಸುವ ಜಾತಿಯಲ್ಲ.

ಮಗಳು ಈಗ ಹನ್ನೆರಡನೇ ತರಗತಿ. ಕೆಟ್ಟ ದಿನಗಳು ಈಗಲೂ ಬರುತ್ತವೆ. ಬಂದಾಗ ಅವಳೇ ಬಂದು ಹೇಳುತ್ತಾಳೆ.

ಕುಂದುಗಳೂ ಇವೆ. ಫೀಸ್ ಒಂದು ಸಲಕ್ಕೆ 2000 ರೂಪಾಯಿ, ನಮ್ಮ ಇನ್ಶೂರೆನ್ಸ್‌ನಿಂದ ಒಂದು ಪೈಸೆ ಬರಲಿಲ್ಲ. ಹಿಂದಿನ ದಿನ ಹೇಳದೆ ತಪ್ಪಿಸಿದರೆ ಪೂರ್ತಿ ದುಡ್ಡು ಕೊಡಬೇಕು. ಲಿಫ್ಟ್ ಇಲ್ಲ, ಅತ್ತೆಯನ್ನು ಹತ್ತಿಸುವುದೇ ಒಂದು ಕೆಲಸ. ಎಲ್ಲಕ್ಕಿಂತ ನನಗೆ ಬೇಸರವಾದದ್ದು, ಒಳಗೆ ಯಾರಾದರೂ ಜೋರಾಗಿ ಅತ್ತರೆ ಹೊರಗೆ ಕೂತವರಿಗೆ ಕೇಳಿಸುತ್ತದೆ. ಇಂಥ ಜಾಗದಲ್ಲಿ ಅದು ಆಗಬಾರದು. ನಾನು ಹೇಳಿದೆ, ಬಾಗಿಲು ಬದಲಾಯಿಸುತ್ತೇವೆ ಅಂದಿದ್ದಾರೆ, ಇನ್ನೂ ಆಗಿಲ್ಲ. ಪೋಷಕರ ಗುಂಪಿನ ಕ್ಲಾಸ್ ಹಿಂದಿ ಇಂಗ್ಲಿಷ್ ಕಲಬೆರಕೆಯಲ್ಲಿ ನಡೆಯುತ್ತದೆ, ಹಿರಿಯರಿಗೆ ಕಷ್ಟ.

ಹೊಸಬರಿಗೆ ಕೆಲವು ವಾರ ಕಾಯಬೇಕಾಗುತ್ತದೆ. ಅಷ್ಟರಲ್ಲಿ ಅಪಾಯ ಅನ್ನಿಸಿದರೆ ಕಾಯಬೇಡಿ, ಮಗುವನ್ನು ಒಂಟಿಯಾಗಿ ಬಿಡದೆ ಹತ್ತಿರದ ಆಸ್ಪತ್ರೆಗೆ ಹೋಗಿ. ಮನಸ್ಸಿನ ತೊಂದರೆಗೆ ಸರ್ಕಾರ ಇಟ್ಟಿರುವ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ದುಡ್ಡಿಲ್ಲ, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೂ ಮಾತಾಡಬಹುದು. ಮೇಡಂಗೆ ಫೋನ್ ಬದಲು ವಾಟ್ಸಾಪ್ ಮಾಡಿ. ಮಗುವಿನ ವಯಸ್ಸು ಎಷ್ಟು, ಮನೆಯಲ್ಲಿ ಯಾರ್ಯಾರಿದ್ದೀರಿ, ಅವರಲ್ಲಿ ಯಾರ್ಯಾರು ಬರಲು ತಯಾರಿದ್ದೀರಿ ಅಂತ ಬರೆಯಿರಿ, ಅವರು ಮೊದಲು ಕೇಳುವುದು ಅದನ್ನೇ.