ಸಿಗ್‌ವಿನ್: 4 ಜಿಬಿ ಲ್ಯಾಪ್‌ಟಾಪಿನಲ್ಲಿ ಯುನಿಕ್ಸ್ ಕಲಿಯೋರಿಗೆ

ವಿಂಡೋಸ್‌ನಲ್ಲಿ ಯುನಿಕ್ಸಿನ ಫೋರ್ಕ್ (ಓಡುತ್ತಿರುವ ಪ್ರೋಗ್ರಾಂ, ಅಂದರೆ ಪ್ರೋಸೆಸ್, ತನ್ನದೇ ನಕಲು ಹುಟ್ಟಿಸುವುದು), ಪೈಪ್ (ಒಂದರ ಔಟ್‌ಪುಟ್ ಇನ್ನೊಂದಕ್ಕೆ ಕೊಡುವುದು), ಸಿಗ್ನಲ್ (ಪ್ರೋಸೆಸ್ಸಿಗೆ ಕಳಿಸುವ ಸೂಚನೆ) ಎಲ್ಲ ಕಲಿಯಬೇಕು ಅಂದರೆ ಈಗ ಯಾರನ್ನೇ ಕೇಳಿ, ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಮೈಕ್ರೋಸಾಫ್ಟಿನ ಡಬ್ಲ್ಯುಎಸ್‌ಎಲ್ 2 ಹಾಕಿಕೋ ಅನ್ನುತ್ತಾರೆ. ಒಳ್ಳೆಯದೇ. ಆದರೆ ಅದು ವರ್ಚುವಲ್ ಮಷೀನಿನೊಳಗೆ ಪೂರ್ತಿ ಲಿನಕ್ಸ್ ಕರ್ನಲ್ ಓಡಿಸುತ್ತದೆ, 4 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪು ಏದುಸಿರು ಬಿಡುತ್ತದೆ. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿರುವುದು ಅಂಥದ್ದೇ. ಹಾಗಾಗಿ ವರ್ಚುವಲ್ ಮಷೀನ್ ಇಲ್ಲದೆಯೇ ವಿಂಡೋಸ್ ಮೇಲೆ ಯುನಿಕ್ಸ್ ಥರದ ವಾತಾವರಣ ಕೊಡುವ ಸಿಗ್‌ವಿನ್ ನಾನು ಬಿಟ್ಟಿಲ್ಲ.

ಮಲೆನಾಡಿಗೆ ಹೇಳಿ ಮಾಡಿಸಿದ ಒಂದು ಸೌಕರ್ಯ ಇದರಲ್ಲಿದೆ. ಪ್ಯಾಕೇಜುಗಳನ್ನು ಬರೀ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಬಹುದು. ಶಿವಮೊಗ್ಗಕ್ಕೆ ಹೋದಾಗ ಪೆನ್‌ಡ್ರೈವಿಗೆ ತುಂಬಿಕೊಂಡು ಬಂದರೆ ಮನೆಯಲ್ಲಿ ನೆಟ್ ಇಲ್ಲದೆಯೇ ಇನ್‌ಸ್ಟಾಲ್ ಆಗುತ್ತದೆ. ಮಳೆಗಾಲದಲ್ಲಿ ಕರೆಂಟಿನ ಹಿಂದೆಯೇ ಟವರ್ರೂ ಹೋಗುತ್ತೆ ಅಲ್ವಾ?

ಇನ್ನು ತೊಂದರೆ. ವಿಂಡೋಸ್‌ಗೆ ಯುನಿಕ್ಸ್ ಥರದ ಫೋರ್ಕ್ ಇಲ್ಲ. ಸಿಗ್‌ವಿನ್ ಹೊಸ ಪ್ರೋಸೆಸ್ ಒಂದನ್ನು ತಡೆಹಿಡಿದ ಸ್ಥಿತಿಯಲ್ಲಿ ಹುಟ್ಟಿಸಿ, ತಾಯಿ ಪ್ರೋಸೆಸ್ಸಿನ ಡೇಟಾ, ಸ್ಟ್ಯಾಕ್, ಹೀಪ್ ಅನ್ನೋ ಮೆಮೊರಿ ಭಾಗಗಳನ್ನೆಲ್ಲ ಅದಕ್ಕೆ ಕಾಪಿ ಮಾಡಿ, ಆಮೇಲೆ ಬಿಡುತ್ತದೆ. ನಿಧಾನ, ತುಂಬಾ ನಿಧಾನ. ಅಡಿಕೆ ರೇಟಿನ ಫೈಲಿನಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ದರ್ಜೆಗಳನ್ನು ಬೇರೆ ಮಾಡಲು ಒಂದೊಂದು ಸಾಲಿಗೂ ಪದ ಹುಡುಕುವ ಗ್ರೆಪ್ ಕಮಾಂಡ್ ಕರೆಯುವ ಲೂಪ್ ಬರೆದರೆ ಸಾಲಿಗೊಂದು ಫೋರ್ಕ್, ಕಾಫಿ ಕುಡಿದು ಬಂದರೂ ಮುಗಿದಿರುವುದಿಲ್ಲ. ಅದೇ ಕೆಲಸ ಇಡೀ ಫೈಲನ್ನು ತಾನೇ ಸಾಲುಸಾಲಾಗಿ ಓದುವ ಆಕ್ ಅನ್ನೋ ಒಂದೇ ಕಮಾಂಡಿಗೆ ಕೊಡಿ, ಕಣ್ಣು ಮಿಟುಕಿಸುವುದರೊಳಗೆ ಆಯಿತು.

ಫೋರ್ಕಿನಿಂದ ಹುಟ್ಟಿದ ಮಗು ಪ್ರೋಸೆಸ್ಸಿನಲ್ಲೂ ಡಿಎಲ್‌ಎಲ್‌ಗಳು (ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡಿನ ಫೈಲುಗಳು) ತಾಯಿಯಲ್ಲಿದ್ದ ಅದೇ ಮೆಮೊರಿ ವಿಳಾಸದಲ್ಲೇ ಕೂರಬೇಕು. ಕೆಲವು ಆಂಟಿವೈರಸ್‌ಗಳು ಮಧ್ಯೆ ತಮ್ಮ ಡಿಎಲ್‌ಎಲ್ ತೂರಿಸಿ ಫೋರ್ಕನ್ನೇ ಕೆಡಿಸುತ್ತವೆ. ಆಗ ಡಿಎಲ್‌ಎಲ್ ವಿಳಾಸಗಳನ್ನು ಹೊಸದಾಗಿ ಹಂಚಲು ರೀಬೇಸ್-ಟ್ರಿಗರ್ ಫುಲ್ ಅಂತ ಕಮಾಂಡ್ ಕೊಟ್ಟು, ಸಿಗ್‌ವಿನ್ನಿನದು ಏನೇನು ಓಡುತ್ತಿದೆಯೋ ಎಲ್ಲ ಮುಚ್ಚಿ, ಸಿಗ್‌ವಿನ್ ಇನ್‌ಸ್ಟಾಲ್ ಮಾಡಿದ ಸೆಟಪ್ ಪ್ರೋಗ್ರಾಂ ಮತ್ತೆ ಓಡಿಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ಆಂಟಿವೈರಸ್ ಬದಲಾಯಿಸಿ.

ಪೈಪ್ ಬಗ್ಗೆ ನನ್ನದೇನೂ ತಕರಾರಿಲ್ಲ. ಸಿಗ್ನಲ್ ಸಿಗ್‌ವಿನ್ ಪ್ರೋಗ್ರಾಂಗಳ ನಡುವೆ ಮಾತ್ರ, ನೋಟ್‌ಪ್ಯಾಡಿಗೆ ಸಿಗ್‌ಯೂಸರ್1 ಅನ್ನೋ ಸಿಗ್ನಲ್ ಕಳಿಸುತ್ತೇನೆ ಅಂದರೆ ಆಗಲ್ಲ. ಒಂದೇ ಮಷೀನಿನ ಪ್ರೋಗ್ರಾಂಗಳು ಮಾತಾಡಿಕೊಳ್ಳುವ ಯುನಿಕ್ಸ್ ಸಾಕೆಟ್ ಹೊರಗಿನಿಂದ ಫೈಲಿನ ಹಾಗೆ ಕಂಡರೂ ಒಳಗೆ ಓಡುವುದು ಲೂಪ್‌ಬ್ಯಾಕ್ ಟಿಸಿಪಿ, ಅಂದರೆ ಮಷೀನು ತನಗೆ ತಾನೇ ಮಾಡಿಕೊಳ್ಳುವ ನೆಟ್‌ವರ್ಕ್ ಸಂಪರ್ಕ. ಓಎಸ್ ಲ್ಯಾಬಿನ ಹುಡುಗರು ಒಂದು ಗಮನಿಸಿ: ಹಂಚಿಕೆ ಮೆಮೊರಿಯ ಶ್ಮ್‌ಗೆಟ್, ಸೆಮಫೋರಿನ ಸೆಮ್‌ಗೆಟ್ ಬಳಸುವ ಮೊದಲು ಸಿಗ್‌ವಿನ್ನಿನ ಹಿನ್ನೆಲೆ ಸೇವೆಯಾದ ಸಿಗ್‌ಸರ್ವರ್ ಶುರು ಮಾಡಿರಬೇಕು, ಇಲ್ಲದಿದ್ದರೆ 'ಬ್ಯಾಡ್ ಸಿಸ್ಟಮ್ ಕಾಲ್' ಅಂತ ಬಂದು ನಿಲ್ಲುತ್ತದೆ. ನಿಮ್ಮ ಕೋಡ್ ಸರಿಯಾಗಿಯೇ ಇರುತ್ತೆ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಹಂಚಿಕೆ ಮೆಮೊರಿಗೇ ಇರುವ ಇನ್ನೊಂದು ದಾರಿ ಶ್ಮ್-ಓಪನ್‌ಗೆ ಈ ರಗಳೆ ಇಲ್ಲ.

ಬರೆದ ಪ್ರೋಗ್ರಾಂ ಸ್ನೇಹಿತರಿಗೆ ಕೊಡುವಾಗ ಸಿಗ್‌ವಿನ್1 ಡಿಎಲ್‌ಎಲ್ ಕೂಡ ಜೊತೆಗೆ ಹಾಕಿ ಕೊಡಿ, ಅದಿಲ್ಲದೆ ಅವರ ಮಷೀನಿನಲ್ಲಿ ಓಡುವುದೇ ಇಲ್ಲ.