ಆಟ ಹೋದರೂ ಅದರ ಕಾವಲುಗಾರ ಹೋಗಲಿಲ್ಲ

ಕಳೆದ ದಸರಾ ರಜೆಗೆ ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಮನೆಗೆ ಬಂದಿದ್ದ ಅಕ್ಕನ ಮಗ, ನಾನು ಲೆಕ್ಕಪತ್ರದ ಕೆಲಸಕ್ಕೆ ಬಳಸುವ ಕಂಪ್ಯೂಟರಿನಲ್ಲಿ ನನ್ನನ್ನು ಕೇಳಿಯೇ ಒಂದು ಉಚಿತ ಆಟವನ್ನು ಇನ್‌ಸ್ಟಾಲ್ ಮಾಡಿಕೊಂಡ. ಆಟಕ್ಕೆ ನಾನು ಒಪ್ಪಿದ್ದೆ. ಮೋಸದಿಂದ ಆಡುವವರನ್ನು ಹಿಡಿಯಲೆಂದು ಅದರ ಬೆನ್ನಿಗೇ ಬಂದ ಆಂಟಿ-ಚೀಟ್ ತಂತ್ರಾಂಶಕ್ಕೆ ನನ್ನ ಒಪ್ಪಿಗೆ ಇರಲಿಲ್ಲ. ಹಾಗೊಂದು ಬರುತ್ತದೆ ಎಂಬುದೇ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ವಿಂಡೋಸ್ ಒಮ್ಮೆ ಅನುಮತಿ ಕೇಳಿತು, ಹುಡುಗ 'ಯೆಸ್' ಒತ್ತಿದ, ಅಷ್ಟೇ.

ಅವನು ಊರಿಗೆ ಮರಳಿದ ಮೇಲೆ ಆಟವನ್ನು ತೆಗೆದುಹಾಕಿದೆ. ಮುಂದಿನ ತಿಂಗಳ 20ರಂದು, ಜಿಎಸ್‌ಟಿ ರಿಟರ್ನ್ ಸಲ್ಲಿಸಲು ಕೊನೆಯ ದಿನ, ಕೆಲಸದ ನಡುವೆ ಪರದೆ ನೀಲಿಯಾಗಿ ಕಂಪ್ಯೂಟರ್ ತಾನಾಗಿಯೇ ಮತ್ತೆ ಶುರುವಾಯಿತು. ಸಂಜೆಯೊಳಗೆ ಹೀಗೆ ನಾಲ್ಕು ಸಲ ಆಯಿತು. ರಿಪೇರಿ ಅಂಗಡಿಯವರು ಮೊದಲು ರ‍್ಯಾಮ್ ಬಿಚ್ಚಿ ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ನೋಡಿದರು. ಆಮೇಲೆ ನೀಲಿ ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿದ್ದ, 'ಡಾಟ್ ಎಸ್‌ವೈಎಸ್' ಎಂದು ಕೊನೆಯಾಗುವ ಕಡತದ ಹೆಸರು ಆ ಆಂಟಿ-ಚೀಟ್‌ನದೆಂದು ಗಮನಿಸಿ, "ಸಾರ್, ನೀವು ಆಟ ತೆಗೆದಿದ್ದೀರಿ, ಇದನ್ನು ತೆಗೆದೇ ಇಲ್ಲ" ಎಂದರು.

ಇಂಥ ತಂತ್ರಾಂಶಗಳಲ್ಲಿ ಅನೇಕವು ಕಾರ್ಯಾಚರಣ ವ್ಯವಸ್ಥೆಯ ಗರ್ಭಗುಡಿಯೆನ್ನಬಹುದಾದ ಕರ್ನಲ್‌ನೊಳಗೆ ಡ್ರೈವರ್ (ವ್ಯವಸ್ಥೆಯ ಭಾಗವಾಗಿಯೇ ಓಡುವ ಸಣ್ಣ ತಂತ್ರಾಂಶ) ರೂಪದಲ್ಲಿ ಕೂರುತ್ತವೆ. ಸಾಮಾನ್ಯ ಪ್ರೋಗ್ರಾಂ ಕೆಟ್ಟರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಅಲ್ಲಿ ಕೂತದ್ದು ಕೆಟ್ಟರೆ ಇಡೀ ಯಂತ್ರವೇ ನಿಲ್ಲುತ್ತದೆ. ಕೆಲವಂತೂ ಆಟ ತೆರೆಯದಿದ್ದರೂ ಕಂಪ್ಯೂಟರ್ ಆನ್ ಆದೊಡನೆ ಎಚ್ಚರಗೊಳ್ಳುತ್ತವೆ. ನನಗೆ ನೀಲಿ ಪರದೆಗಿಂತ ಹೆಚ್ಚು ಕಳವಳ ತಂದದ್ದು ಈ ಎರಡನೆಯ ಸಂಗತಿ, ಏಕೆಂದರೆ ಆ ಕಂಪ್ಯೂಟರಿನಲ್ಲಿ ನನ್ನನ್ನು ನಂಬಿದವರ ಪ್ಯಾನ್ ಸಂಖ್ಯೆಗಳೂ ಬ್ಯಾಂಕ್ ವಿವರಗಳೂ ಇವೆ. 2016ರಲ್ಲಿ 'ಸ್ಟ್ರೀಟ್ ಫೈಟರ್ 5' ಆಟದ ಅಪ್‌ಡೇಟ್ ಜೊತೆ ಬಂದ ಇಂಥದೇ ಡ್ರೈವರ್, ಬೇರೆ ಯಾವ ಪ್ರೋಗ್ರಾಂ ಬೇಕಾದರೂ ಕರ್ನಲ್‌ಗೆ ನುಗ್ಗುವಂತೆ ಬಾಗಿಲು ತೆರೆದಿಟ್ಟದ್ದರಿಂದ ಆಟದ ತಯಾರಕ ಕಂಪನಿ ಕ್ಯಾಪ್‌ಕಾಮ್ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. 2022ರಲ್ಲಿ 'ಗೆನ್ಶಿನ್ ಇಂಪ್ಯಾಕ್ಟ್' ಆಟದ ಆಂಟಿ-ಚೀಟ್ ಡ್ರೈವರನ್ನು, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ದಾಳಿಕೋರರು ಆ್ಯಂಟಿವೈರಸ್ಸನ್ನು ಸಾಯಿಸಲು ಬಳಸಿದ್ದು ಬಯಲಾಯಿತು.

ಆಟ ಹಾಕುವ ಮುನ್ನ ಅದರ ಪುಟವನ್ನು ಪೂರ್ತಿ ಓದಿ. ಕರ್ನಲ್ ಮಟ್ಟದ ಆಂಟಿ-ಚೀಟ್ ಇದ್ದರೆ ಅದನ್ನು ತಿಳಿಸಲೇಬೇಕೆಂದು ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್ 2024ರ ಅಕ್ಟೋಬರ್‌ನಿಂದ ತಯಾರಕರಿಗೆ ಕಡ್ಡಾಯ ಮಾಡಿದೆ. ಆಟ ತೆಗೆದ ಮೇಲೆ ಇನ್‌ಸ್ಟಾಲ್ ಆಗಿರುವ ಆ್ಯಪ್‌ಗಳ ಪಟ್ಟಿಯನ್ನೂ ಹಿನ್ನೆಲೆಯಲ್ಲಿ ಓಡುವ ತಂತ್ರಾಂಶಗಳನ್ನು ತೋರಿಸುವ ವಿಂಡೋಸ್‌ನ 'ಸರ್ವೀಸಸ್' ಕಿಟಕಿಯನ್ನೂ ಇನ್ನೊಮ್ಮೆ ನೋಡಿ, ಏಕೆಂದರೆ ಆಂಟಿ-ಚೀಟ್ ಹಲವು ಸಲ ಬೇರೊಂದು ಹೆಸರಿನಲ್ಲಿ ಉಳಿದಿರುತ್ತದೆ ಮತ್ತು ಅದನ್ನು ಪ್ರತ್ಯೇಕವಾಗಿಯೇ ತೆಗೆಯಬೇಕಾಗುತ್ತದೆ. ಕೆಲಸದ ಕಂಪ್ಯೂಟರಾದರೆ ಮನೆಯವರಿಗೆ ಅಡ್ಮಿನ್ ಅಧಿಕಾರವಿಲ್ಲದ, ಅಂದರೆ ಪಾಸ್‌ವರ್ಡ್ ಕೊಡದೆ ಇಂಥದ್ದನ್ನು ಇನ್‌ಸ್ಟಾಲ್ ಮಾಡಲಾಗದ, ಬೇರೆ ಖಾತೆ ಮಾಡಿಕೊಡಿ. ಸಂಕ್ರಾಂತಿಗೆ ಬಂದಾಗ ಅಕ್ಕನ ಮಗ, "ಮಾವ, ಪಾಸ್‌ವರ್ಡ್ ಕೇಳ್ತಿದೆ" ಎಂದು ಕೂಗಿದ. ನಾನು ಎದ್ದು ಹೋಗಿ, ಏನನ್ನು ಹಾಕುತ್ತಿದ್ದಾನೆಂದು ಮೊದಲು ಓದಿದೆ.