ಮಧ್ಯೆ ನಿಲ್ಲಬಾರದ ಸಿಡಿ: ‘ಟ್ರಾನ್ಸ್‌ಪೋರ್ಟ್’ ಜೊತೆ ಇಪ್ಪತ್ತು ವರ್ಷ

ಈ ಸಿಡಿ ನಾನು ದುಡ್ಡು ಕೊಟ್ಟು ತಗೊಂಡಿದ್ದಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

2003ರ ಜನವರಿ. ಓದು ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ. ಗೋಕರ್ಣದ ಒಂದು ಸೈಬರ್ ಕೆಫೆಯಲ್ಲಿ ಕೂರುತ್ತಿದ್ದೆ. ಕುಡ್ಲೆ, ಓಂ ಬೀಚ್ ಕಡೆಯಿಂದ ವಿದೇಶಿಯರು ಬಂದು ಮೇಲ್ ನೋಡುತ್ತಿದ್ದರು, ಫೋಟೋಗಳನ್ನು ಸಿಡಿಗೆ ಬರೆಸಿಕೊಂಡು ಹೋಗುತ್ತಿದ್ದರು. ಒಬ್ಬ ಗಡ್ಡದವ ಮೂರನೇ ಕಂಪ್ಯೂಟರಿನ ಡ್ರೈವಿನಲ್ಲಿ ತನ್ನ ಸಿಡಿ ಮರೆತು ಹೋದ. ರಾತ್ರಿ ಬಾಗಿಲು ಹಾಕುವಾಗ ನನ್ನ ಕೈಗೆ ಸಿಕ್ಕಿತು. ಎರಡು ವಾರ ಕಾದೆ. ಬರಲಿಲ್ಲ. ಸಿಡಿ ಮೇಲೆ ಹೆಸರಿತ್ತು, ಕವರ್ ಇಲ್ಲ, ಹಾಡಿನ ಪಟ್ಟಿ ಇಲ್ಲ. ಪಾಲ್ ಓಕನ್‌ಫೋಲ್ಡ್, ‘ಟ್ರಾನ್ಸ್‌ಪೋರ್ಟ್’. ಇಂಗ್ಲಿಷಿನಲ್ಲಿ ಅದು ‘ಟ್ರಾನ್ಸ್’ ಅನ್ನುವ, ಕ್ಲಬ್ಬಿನಲ್ಲಿ ಕುಣಿಯುವ ಎಲೆಕ್ಟ್ರಾನಿಕ್ ಸಂಗೀತದ ಹೆಸರಿನ ಮೇಲಿನ ಆಟ. ಕನ್ನಡದಲ್ಲಿ ಬರೆದರೆ ಲಾರಿ ಆಫೀಸಿನ ಬೋರ್ಡ್ ಅನಿಸುತ್ತದೆ, ಏನು ಮಾಡೋದು.

ಆಲ್ಬಂ ಬಂದಿದ್ದು 1998ರಲ್ಲಿ. ಹನ್ನೊಂದು ಟ್ರ್ಯಾಕ್, ಎಲ್ಲವೂ ಬೇರೆ ಬೇರೆಯವರು ಮಾಡಿದ್ದು. ಓಕನ್‌ಫೋಲ್ಡ್ ಡಿಜೆ. ಅವನ್ನು ಆರಿಸಿ, ಒಂದಕ್ಕೊಂದು ಹೆಣೆದು, ಒಂದು ಗಂಟೆಗೂ ಮೀರಿದ ಒಂದೇ ಓಟ ಮಾಡಿದ್ದಾನೆ. ಇದೇ ಮನುಷ್ಯ 1994ರ ಡಿಸೆಂಬರಿನಲ್ಲಿ ಬಿಬಿಸಿ ರೇಡಿಯೋ 1ಕ್ಕೆ ಮಾಡಿದ ಕಾರ್ಯಕ್ರಮ ‘ಗೋವಾ ಮಿಕ್ಸ್’ ಅಂತಲೇ ಹೆಸರಾಯಿತು. ಕಾರವಾರದಲ್ಲಿ ಕಾಳಿ ಸೇತುವೆ ದಾಟಿದರೆ ಸ್ವಲ್ಪ ಹೊತ್ತಿಗೆ ಗೋವಾ ಗಡಿ. ಹಾಗಾಗಿ ಈ ಸದ್ದು ನಮಗೆ ಪೂರ್ತಿ ಹೊರಗಿನದಲ್ಲ. ಆದರೆ ಗೋವಾದ ಬೀಚ್ ಪಾರ್ಟಿಗಳ ಗೋವಾ ಟ್ರಾನ್ಸ್ ಸಿಗುತ್ತದೆ ಅಂದುಕೊಂಡು ಇದನ್ನು ಹಾಕಬೇಡಿ. ಇದು ಯುರೋಪಿನ ಕ್ಲಬ್ಬಿನ ಟ್ರಾನ್ಸ್. ಮೊದಲರ್ಧದಲ್ಲಿ ಪ್ರೋಗ್ರೆಸಿವ್ ಹೌಸ್ ಅನ್ನುವ, ನಿಧಾನಕ್ಕೆ ಏರುವ ಇನ್ನೊಂದು ಬಗೆಯ ಕ್ಲಬ್ ಸಂಗೀತದ ವಾಸನೆ ಜಾಸ್ತಿ.

ಪಟ್ಟಿ ಇರಲಿಲ್ಲವಲ್ಲ, ಸುಮಾರು ಮೂರು ವರ್ಷ ನಾನೇ ಹೆಸರಿಟ್ಟುಕೊಂಡು ಕೇಳಿದೆ. ಎರಡನೇದು ‘ದೋಣಿ’. ನಾಲ್ಕನೇದು ‘ಕರೆಂಟ್ ಹೋದದ್ದು’, ಯಾಕೆಂದರೆ ಅದು ಅಷ್ಟು ಕತ್ತಲೆ ಕತ್ತಲೆಯಾಗಿದೆ. ಆರನೇದು ‘ಪಂಪ್‌ಸೆಟ್’. ಅದರ ಬೇಸ್ ಕೇಳಿದರೆ ಶಿರಸಿ ಕಡೆ ಅಡಿಕೆ ತೋಟದಲ್ಲಿ ಬೆಳಗಿನ ಜಾವ ಪಂಪ್‌ಸೆಟ್ ಶುರುವಾದ ಹಾಗೇ ಇದೆ. ಆಮೇಲೆ ನಿಜವಾದ ಹೆಸರು ಗೊತ್ತಾಯಿತು: ಅಗ್ನೆಲ್ಲಿ ಆ್ಯಂಡ್ ನೆಲ್ಸನ್ ಅವರ ‘ಎಲ್ ನಿನ್ಯೋ’. ನಮ್ಮ ಮಳೆಗಾಲಕ್ಕೆ ಕಲ್ಲು ಹಾಕುವ ಅದೇ ಎಲ್ ನಿನ್ಯೋ! ನನ್ನ ಮಟ್ಟಿಗೆ ಈಗಲೂ ಅದು ಪಂಪ್‌ಸೆಟ್ಟೇ.

ಇಂಥ ಆಲ್ಬಂನಲ್ಲಿ ಹಾಡುಗಳಿಗಿಂತ ಮುಖ್ಯವಾದದ್ದು ಹಾಡಿನಿಂದ ಹಾಡಿಗೆ ದಾಟುವ ಜಾಗ. ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾಗವತರು ಪದ್ಯ ಮುಗಿಸಿದರೂ ಚಂಡೆ ಬಿಡುವುದಿಲ್ಲ. ವೇಷದವ ಇನ್ನೂ ಕುಣಿಯುತ್ತಿರುತ್ತಾನೆ, ಅಷ್ಟರಲ್ಲಿ ಮುಂದಿನದಕ್ಕೆ ಏರಿಯೇ ಬಿಟ್ಟಿರುತ್ತದೆ. ಆ ಹೊತ್ತಿಗೆ ಯಾರೋ ಅರ್ಧ ಸೆಕೆಂಡ್ ಮೈಕ್ ಆಫ್ ಮಾಡಿ ಆನ್ ಮಾಡಿದರೆ ಹೇಗಿರುತ್ತದೆ ಹೇಳಿ?

ಡಿಜೆ ಕೆಲಸವೂ ಹಾಗೇ. ಆಗ ಟ್ರಾನ್ಸ್ ಬರುತ್ತಿದ್ದದ್ದು 12 ಇಂಚಿನ ರೆಕಾರ್ಡಿನಲ್ಲಿ. ಶುರುವಿಗೂ ಕೊನೆಗೂ ಸ್ವಲ್ಪ ಹೊತ್ತು ಬರೀ ಡ್ರಮ್ ಇರುತ್ತದೆ, ರಾಗ ಇರುವುದಿಲ್ಲ. ಅದು ಜೋಡಣೆಗೆ ಅಂತಲೇ ಬಿಟ್ಟ ಜಾಗ, ಬಟ್ಟೆ ಹೊಲಿಯುವವರು ಅಂಚಿಗೆ ಬಿಡುವ ಹಾಗೆ. ಒಂದು ರೆಕಾರ್ಡಿನ ಬಾಲದ ಮೇಲೆ ಇನ್ನೊಂದರ ತಲೆ. ಎರಡರ ವೇಗ ಒಂದೇ ಆಗಬೇಕು, ಅದಕ್ಕೆ ಟರ್ನ್‌ಟೇಬಲ್ ಬದಿಯಲ್ಲಿ ಒಂದು ಪಟ್ಟಿ ಇರುತ್ತದೆ, ಜಾರಿಸಿ ವೇಗ ಹೆಚ್ಚುಕಮ್ಮಿ ಮಾಡುವುದು. ನಿಮಿಷಕ್ಕೆ 130–140 ಬೀಟ್ ಇರುವಲ್ಲಿ ಕೂದಲೆಳೆ ತಪ್ಪಿದರೂ ಹೊಳೆಯಲ್ಲಿ ಇಬ್ಬರು ಬಟ್ಟೆ ಒಗೆದ ಹಾಗೆ ಕೇಳುತ್ತದೆ, ದಬ್ ದದಬ್ ದಬ್.

ಸಿಡಿಯಲ್ಲಿ ಟ್ರ್ಯಾಕ್ ನಂಬರ್ ಅನ್ನುವುದು ಆ ಒಂದೇ ಓಟದ ಮೇಲೆ ಹಾಕಿದ ಮೈಲಿಗಲ್ಲು ಮಾತ್ರ. ಸದ್ದು ಅಲ್ಲಿ ನಿಂತಿರುವುದಿಲ್ಲ. ಅದಕ್ಕೇ ಸಿಡಿ ಪ್ಲೇಯರಿನಲ್ಲಿ ಒಂದು ದಿನವೂ ತೊಂದರೆ ಆಗಲಿಲ್ಲ. ತೊಂದರೆ ಶುರುವಾಗಿದ್ದು ಅದನ್ನು ಎಂಪಿ3 ಮಾಡಿ ಪೆನ್‌ಡ್ರೈವಿಗೆ ಹಾಕಿದಾಗ.

2010ರ ಹೊತ್ತಿಗೆ ನಾನು ಕಾರವಾರದಲ್ಲಿ ಕೆಲಸಕ್ಕಿದ್ದೆ. ಮನೆ ಶಿರಸಿ ಹತ್ತಿರ. ಶನಿವಾರ ಸಂಜೆ ಕಾರು ಹತ್ತಿದರೆ ಅಂಕೋಲಾ, ಕುಮಟಾ, ಆಮೇಲೆ ದೇವಿಮನೆ ಘಟ್ಟ. ಕಾರಿಗೆ ಹೊಸ ಸ್ಟೀರಿಯೋ ಹಾಕಿಸಿದ್ದೆ, ಕಂಪನಿ ಹೆಸರು ಬೇಡ. ಪೆನ್‌ಡ್ರೈವ್ ಚುಚ್ಚಿದೆ. ಬಿಣಗಾ ದಾಟುವಷ್ಟರಲ್ಲಿ ಒಂದನೇದು ಮುಗಿಯಿತು. ಟಕ್ ಅಂತ ಮೌನ. ಆಮೇಲೆ ನೇರ ಹತ್ತನೇದು! ಅದಾದ ಮೇಲೆ ಹನ್ನೊಂದು, ಆಮೇಲೆ ಎರಡು. ಆ ಮಹಾಶಯನಿಗೆ ಲೆಕ್ಕ ಬರುತ್ತಿರಲಿಲ್ಲ, 1ರ ನಂತರ 10, 11, ಆಮೇಲೇ 2. ಹತ್ತನೇದರಲ್ಲಿ ಒಬ್ಬಳು ಮಂತ್ರ ಹೇಳಿದ ಹಾಗೆ ಮಾತಾಡುತ್ತಾಳೆ. ಊಟಕ್ಕೆ ಕೂತ ತಕ್ಷಣ ಮಜ್ಜಿಗೆ ಬಡಿಸಿದ ಹಾಗಾಯಿತು.

ಹೆಸರನ್ನು 01, 02 ಅಂತ ಬದಲಿಸಿದೆ. ಸರಣಿ ಸರಿಯಾಯಿತು, ಮೌನ ಹೋಗಲಿಲ್ಲ. ಎಂಪಿ3 ಮಾಡುವಾಗ ಪ್ರತಿ ಫೈಲಿನ ಎರಡೂ ತುದಿಗೆ ಒಂದಿಷ್ಟು ಖಾಲಿ ಸದ್ದು ಸೇರಿಕೊಳ್ಳುತ್ತದಂತೆ. ಪ್ಲೇಯರಿಗೆ ಬುದ್ಧಿ ಇದ್ದರೆ ಅದನ್ನು ಕತ್ತರಿಸಿ ಹಾಕುತ್ತದೆ. ನನ್ನದಕ್ಕೆ ಇರಲಿಲ್ಲ. ಮಾಮೂಲಿ ಹಾಡಾದರೆ ನಿಮಗೆ ಗೊತ್ತೂ ಆಗುವುದಿಲ್ಲ. ಇಲ್ಲಿ ಪ್ರತಿ ಏಳೆಂಟು ನಿಮಿಷಕ್ಕೊಮ್ಮೆ ಕಾರು ಹಂಪ್ ಹಾರಿದ ಹಾಗೆ. ಕೊನೆಗೆ ಇಡೀ ಸಿಡಿಯನ್ನು ತುಂಡು ಮಾಡದೆ ಒಂದೇ ದೊಡ್ಡ ಫೈಲ್ ಮಾಡಿದೆ. ಇಷ್ಟವಾದದ್ದಕ್ಕೆ ಹಾರಿ ಹೋಗಲು ಆಗುವುದಿಲ್ಲ. ಅದೂ ಒಳ್ಳೆಯದೇ ಆಯಿತು.

ಫೋನಿನಲ್ಲಿ ಕೇಳುವವರು ಎರಡು ಸೆಟ್ಟಿಂಗ್ ನೋಡಿಕೊಳ್ಳಿ. ‘ಗ್ಯಾಪ್‌ಲೆಸ್’ (ಹಾಡುಗಳ ನಡುವೆ ಮೌನ ಬಿಡದಿರುವುದು) ಆನ್ ಇರಬೇಕು, ‘ಕ್ರಾಸ್‌ಫೇಡ್’ ಸೊನ್ನೆ ಇರಬೇಕು. ಕ್ರಾಸ್‌ಫೇಡ್ ಇದ್ದರೆ ಡಿಜೆ ಮಾಡಿಟ್ಟ ಜೋಡಣೆ ಮೇಲೆ ಆ್ಯಪ್ ತನ್ನದೊಂದು ಜೋಡಣೆ ಮಾಡುತ್ತದೆ. ಆಗ ಮತ್ತೆ ಹೊಳೆಯ ಬಟ್ಟೆ ಸದ್ದು. ಷಫಲ್ ಬಗ್ಗೆ ನಾನು ಮಾತಾಡುವುದೇ ಇಲ್ಲ.

ಆರನೇ ಟ್ರ್ಯಾಕಿನಿಂದ ಎಂಟನೇದರ ತನಕ ಈ ಆಲ್ಬಂನ ಗಟ್ಟಿ ಭಾಗ. ಏಳನೇದು ಎನರ್ಜಿ 52 ಅವರ ‘ಕೆಫೆ ಡೆಲ್ ಮಾರ್’, 1993ರ ಜರ್ಮನಿಯ ಟ್ರ್ಯಾಕ್, ಇಲ್ಲಿರುವುದು ಥ್ರೀ ಎನ್ ಒನ್ ಅವರ ರೀಮಿಕ್ಸ್. ಹೆಸರು ಸ್ಪೇನಿನ ಇಬಿಜಾ ದ್ವೀಪದ ಒಂದು ಬಾರಿನದು, ಜನ ಅಲ್ಲಿಗೆ ಸೂರ್ಯಾಸ್ತ ನೋಡಲು ಹೋಗುತ್ತಾರೆ. ಇದರಲ್ಲಿ ಡ್ರಮ್ ಪೂರ್ತಿ ನಿಂತು ಬರೀ ರಾಗ ಉಳಿಯುವ ಒಂದು ಜಾಗವಿದೆ. ನಾನು ಸರಿಯಾದ ಹೊತ್ತಿಗೆ ಹೊರಟಿದ್ದರೆ ಅದು ಕುಮಟಾ ಬರುವ ಹೊತ್ತಿಗೆ ಸಿಗುತ್ತಿತ್ತು. ಬಲಗಡೆ ಗಜನಿ ಗದ್ದೆಯ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯ, ನೀರು ಕೆಂಪಾಗಿರುತ್ತಿತ್ತು. ಡ್ರಮ್ ವಾಪಸ್ ಬಂದಾಗ ಕಾಲು ತಾನಾಗಿ ಆ್ಯಕ್ಸಿಲರೇಟರ್ ಒತ್ತುತ್ತದೆ, ಹುಷಾರು.

ಕುಮಟಾಕ್ಕೆ ಮೊದಲು ಶಿರೂರು ಸಿಗುತ್ತದೆ. 2024ರ ಜುಲೈನಲ್ಲಿ ಗುಡ್ಡ ಕುಸಿದು ಜನ ಹೋದ ಜಾಗ. ಅಲ್ಲಿ ದಾಟುವಾಗ ಈಗ ಸೌಂಡ್ ಪೂರ್ತಿ ಇಳಿಸುತ್ತೇನೆ. ಪ್ಲೇಯರ್ ನಿಲ್ಲಿಸುವುದಿಲ್ಲ, ಅದು ಒಳಗೇ ಓಡುತ್ತಿರುತ್ತದೆ.

ದೂರುಗಳೂ ಇವೆ. ಏಳು, ಎಂಟು, ಒಂಬತ್ತು ಮೂರೂ ಒಂದರ ಹಿಂದೆ ಒಂದು ದೊಡ್ಡ ಟ್ರ್ಯಾಕ್. ಮೂರರಲ್ಲೂ ಏರಿಸಿ, ನಿಲ್ಲಿಸಿ, ಮತ್ತೆ ಏರಿಸುವ ಅದೇ ಆಟ. ಹೋಳಿಗೆ ಮೇಲೆ ಕಾಯಿಹಾಲು, ಅದರ ಮೇಲೆ ಬೆಲ್ಲ. ಐದನೇ ಹಾಡು ನನಗೆ ಯಾವತ್ತೂ ಹಿಡಿಸಿಲ್ಲ, ಅಷ್ಟೇ. ಜೋಡಣೆಯೂ ಬಹಳ ನಾಜೂಕಿನದಲ್ಲ. ನಾಜೂಕು ಬೇಕಾದರೆ ಸಾಶಾ ಮತ್ತು ಜಾನ್ ಡಿಗ್ವೀಡ್ ಅನ್ನುವ ಇಬ್ಬರು ಡಿಜೆಗಳು 1996ರಲ್ಲಿ ಮಾಡಿದ ‘ನಾರ್ದರ್ನ್ ಎಕ್ಸ್‌ಪೋಷರ್’ ಕೇಳಿ, ಎರಡು ಸಿಡಿ. ಅಲ್ಲಿ ಯಾವಾಗ ದಾಟಿದೆವು ಅಂತ ಗೊತ್ತೇ ಆಗುವುದಿಲ್ಲ. ಆದರೆ ಘಟ್ಟ ಹತ್ತುವಾಗ ಅದು ನಿದ್ದೆ ಬರಿಸುತ್ತದೆ. ಓಕನ್‌ಫೋಲ್ಡ್ ನಿದ್ದೆ ಬರಿಸುವುದಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ.

ಮನೆಯವರ ಅಭಿಪ್ರಾಯವನ್ನೂ ಹೇಳಬೇಕಲ್ವಾ? ಒಮ್ಮೆ ಆಯಿಯನ್ನು (ಅಮ್ಮನನ್ನು) ಕಾರವಾರದ ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದೆ. ಹತ್ತು ನಿಮಿಷ ಸುಮ್ಮನೆ ಕೂತಿದ್ದಳು. ಆಮೇಲೆ, “ಎಂತದಾ ತಮಾ ಇದು, ಹಿಟ್ಟಿನ ಗಿರಣಿ ಸದ್ದಿನಾಂಗೆ ಇದ್ದಲಾ” ಅಂದಳು. ಆರಿಸಲಾ ಅಂತ ಕೇಳಿದೆ. ಬೇಡ ಅಂದಳು. ಅಂಕೋಲಾ ಮುಟ್ಟುವಷ್ಟರಲ್ಲಿ ನಿದ್ದೆ ಮಾಡಿದ್ದಳು. ನಿದ್ದೆ ಬರಿಸುವುದಿಲ್ಲ ಅಂತ ಮೇಲೆ ಬರೆದದ್ದನ್ನು ಅಷ್ಟರ ಮಟ್ಟಿಗೆ ತಿದ್ದಿಕೊಳ್ಳಿ.

ಮೂಲ ಸಿಡಿ ಇನ್ನೂ ಇದೆ. ಕರಾವಳಿಯ ಮಳೆಗಾಲದಲ್ಲಿ ಸಿಡಿಗೂ ಬೂಷ್ಟು ಬರುತ್ತದೆ, ಅದಕ್ಕೆ ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದೇನೆ. ಒಂಬತ್ತನೇದರಲ್ಲಿ ಒಂದು ಗೀರು ಬಿದ್ದಿದೆ, ನಾನೇ ಡ್ಯಾಶ್‌ಬೋರ್ಡ್ ಮೇಲೆ ಬೋರಲು ಇಟ್ಟು ಮಾಡಿಕೊಂಡದ್ದು. ಅಲ್ಲಿ ಎರಡು ಬೀಟ್ ಹಾರುತ್ತದೆ. ನನ್ನ ದೊಡ್ಡ ಫೈಲಿನಲ್ಲೂ ಆ ಹಾರಾಟ ಹಾಗೇ ಉಳಿದಿದೆ. ಬೇರೆ ಕಡೆ ಅದೇ ಹಾಡು ಹಾರದೆ ಬಂದರೆ ನನಗೆ ಒಂದು ಕ್ಷಣ ತಾಳ ತಪ್ಪುತ್ತದೆ. ಗಡ್ಡದವ ಯಾವತ್ತಾದರೂ ಗೋಕರ್ಣಕ್ಕೆ ಬಂದು ಕೇಳಿದರೆ ಸಿಡಿ ವಾಪಸ್ ಕೊಡುತ್ತೇನೆ. ಗೀರಿನ ವಿಷಯ ಮಾತ್ರ ಹೇಗೆ ಹೇಳಬೇಕೋ ನೋಡಬೇಕು.